ಸೀಲಿಂಗ್ ಫ್ಯಾನಿಗೆ ಮೂರಡಿ ರಾಡ್: ಕಲಬುರಗಿ ಬೇಸಿಗೆಯ ಒಂದು ರಿಪೇರಿ ದಾಖಲೆ

ಮಲಗುವ ಕೋಣೆಯ ಫ್ಯಾನ್ ಕೆಲಸ ಕೊನೆಗೂ ಮುಗಿಯಿತು. ಒಟ್ಟು ಖರ್ಚು 750 ರೂಪಾಯಿ. ಅದರಲ್ಲಿ 310 ರೂಪಾಯಿ ಶುದ್ಧ ದಂಡ. ಯಾವುದಕ್ಕೆ ದಂಡ ತೆತ್ತೆ, ಯಾವುದು ಫಲ ಕೊಟ್ಟಿತು ಎಂಬುದನ್ನು ಕೆಲಸ ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಕೋಣೆ 14 ಅಡಿ ಉದ್ದ, 12 ಅಡಿ ಅಗಲ. ಮಾಳಿಗೆ ಹಳೆಯದು: ಕಬ್ಬಿಣದ ಗರ್ಡರ್, ಅದರ ಮೇಲೆ ಫರ್ಸಿ ಕಲ್ಲು. ನೆಲದಿಂದ ಮಾಳಿಗೆಗೆ 12 ಅಡಿ ಎತ್ತರ. ಫ್ಯಾನ್ 1200 ಮಿ.ಮೀ. ಅಳತೆಯದು, ಅಂಗಡಿಯವರ ಭಾಷೆಯಲ್ಲಿ 48 ಇಂಚಿನದು, 75 ವ್ಯಾಟ್. ದೂರು ಒಂದೇ: ಐದಕ್ಕಿಟ್ಟರೂ ಮಂಚದ ಮೇಲೆ ಗಾಳಿ ಬರುವುದಿಲ್ಲ, ಬಂದರೆ ಬಿಸಿಗಾಳಿ. "ಇದು ಒಲೆ ಊದುತ್ತದೆ, ಹೊಸದು ತಂದುಬಿಡು" ಎಂದು ಅಪ್ಪ ಮಾರ್ಚ್‌ನಿಂದಲೇ ಹೇಳುತ್ತಿದ್ದರು.

1. ಮೊದಲು ಅಳತೆ

ಫ್ಯಾನ್ ನಿಧಾನವೋ ಅಥವಾ ನಮಗೆ ಹಾಗೆ ಅನಿಸುತ್ತಿದೆಯೋ ಎಂಬುದನ್ನು ಕಣ್ಣಳತೆಯಿಂದ ಹೇಳಲು ಆಗುವುದಿಲ್ಲ. ಒಂದು ರೆಕ್ಕೆಯ ಅಡಿಗೆ ಕೆಂಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳ ಸ್ಲೋ ಮೋಷನ್ ವಿಡಿಯೊ ತೆಗೆದೆ. ಕೆಂಪು ಗುರುತು ಹೊರಟ ಜಾಗಕ್ಕೇ ಮತ್ತೆ ಬರಲು ಎಷ್ಟು ಚಿತ್ರ ಹಿಡಿಯಿತೆಂದು ಒಂದೊಂದಾಗಿ ಸರಿಸಿ ಎಣಿಸಿದೆ: 62. ಲೆಕ್ಕ ಸುಲಭ. 240ನ್ನು 60ರಿಂದ ಗುಣಿಸಿದರೆ 14,400. ಅದನ್ನು 62ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 232 ಸುತ್ತು. ಫ್ಯಾನಿನ ಹೊಟ್ಟೆಯ ಮೇಲಿನ ಚೀಟಿಯಲ್ಲಿ 380 ಎಂದಿದೆ. ಅಂದರೆ ಅಪ್ಪನ ದೂರು ನಿಜ.

ಅದೇ ಹೊತ್ತಿಗೆ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ವೋಲ್ಟೇಜ್ ನೋಡಿದೆ. ಮಧ್ಯಾಹ್ನ 222, ರಾತ್ರಿ ಊಟದ ಹೊತ್ತಿಗೆ 204. ವೋಲ್ಟೇಜ್ ಇಳಿದರೆ ಫ್ಯಾನ್ ನಿಧಾನವಾಗುವುದು ಸಹಜ. ಆದರೆ 222 ಇದ್ದಾಗಲೂ 232 ಸುತ್ತು ಎಂದರೆ ತಪ್ಪು ಫ್ಯಾನಿನದ್ದೇ.

ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರುಗಳನ್ನೂ ಕಟ್ಟಿದೆ. ಒಂದು ಮಾಳಿಗೆಯಿಂದ ಗೇಣುದ್ದ ಕೆಳಗೆ, ಇನ್ನೊಂದು ಮಂಚದ ಮಟ್ಟದಲ್ಲಿ. ಫ್ಯಾನ್ ನಿಲ್ಲಿಸಿದ್ದಾಗ ಸಂಜೆ ನಾಲ್ಕಕ್ಕೆ ಮೇಲೆ 41 ಡಿಗ್ರಿ, ಕೆಳಗೆ 37. ಫ್ಯಾನ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕೆಳಗೂ 38 ದಾಟಿತ್ತು. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ ಎಂಬುದು ಇಲ್ಲಿ ಅಂಕಿಯಲ್ಲೇ ಕಂಡಿತು. ಅದು ಮೈಮೇಲಿನ ಬೆವರನ್ನು ಆರಿಸುತ್ತದೆ, ನಮಗೆ ತಂಪಾಗುತ್ತದೆ, ಅಷ್ಟೇ. ಹಾಗಾಗಿ ಮಾಡಬೇಕಾದ ಕೆಲಸ ಎರಡು: ಗಾಳಿ ಮೈಗೆ ಮುಟ್ಟುವಂತೆ ಮಾಡುವುದು, ಮೇಲಿನ ಬಿಸಿಯನ್ನು ಕಡಿಮೆ ಮಾಡುವುದು.

2. ರೆಗ್ಯುಲೇಟರ್ (240 ರೂಪಾಯಿ, ವ್ಯರ್ಥ)

ಸ್ವಿಚ್‌ಬೋರ್ಡಿನ ರೆಗ್ಯುಲೇಟರ್ ಹಳೆಯದು, ತಿರುಗಿಸಿದರೆ ಕರಕರ ಎನ್ನುತ್ತಿತ್ತು. ತಪ್ಪು ಇದರದ್ದೇ ಎಂದುಕೊಂಡು ಹೊಸದನ್ನು ತಂದು ಹಾಕಿದೆ. ಮತ್ತೆ ಎಣಿಸಿದರೆ 62 ಚಿತ್ರ. ಒಂದು ಚಿತ್ರದಷ್ಟೂ ಬದಲಾಗಲಿಲ್ಲ.

ಐದರಲ್ಲಿಟ್ಟಾಗ ರೆಗ್ಯುಲೇಟರ್ ಕರೆಂಟನ್ನು ಹೆಚ್ಚುಕಡಿಮೆ ನೇರವಾಗಿ ಫ್ಯಾನಿಗೆ ಬಿಡುತ್ತದೆ. ಒಂದು, ಎರಡು, ಮೂರರಲ್ಲಿ ವೇಗ ಸರಿಯಿಲ್ಲದಿದ್ದರೆ ರೆಗ್ಯುಲೇಟರನ್ನು ಅನುಮಾನಿಸಬಹುದು. ಐದರಲ್ಲೂ ನಿಧಾನವಾದರೆ ಮೇಲೆ ಹತ್ತಿಯೇ ನೋಡಬೇಕು. ಏಣಿ ಹತ್ತುವ ಸೋಮಾರಿತನಕ್ಕೆ 240 ರೂಪಾಯಿ ಕೊಟ್ಟೆ ಎನ್ನಬಹುದು. ಡಬ್ಬಿ ಒಡೆದಿದ್ದರಿಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

3. ಕಂಡೆನ್ಸರ್ (60 + 70 ರೂಪಾಯಿ)

ಪುಸ್ತಕದಲ್ಲಿ ಕೆಪಾಸಿಟರ್, ಅಂಗಡಿಯಲ್ಲಿ ಕಂಡೆನ್ಸರ್: ಮೋಟರ್ ತಿರುಗಲು ಬಲ ಕೊಡುವ ಬಿಡಿಭಾಗ. ಫ್ಯಾನಿನ ಮೇಲ್ಭಾಗದ ಪ್ಲಾಸ್ಟಿಕ್ ಕಪ್ಪಿನೊಳಗೆ, ಮೋಟರಿನ ನೆತ್ತಿಯ ಮೇಲೆ ಬೆರಳುದ್ದದ ಬಿಳಿ ಡಬ್ಬಿ ಇರುತ್ತದೆ, ಅದೇ.

ಕೈ ಹಾಕುವ ಮೊದಲು ಸ್ವಿಚ್ ಆರಿಸಿದರೆ ಸಾಲದು. ನಮ್ಮಂಥ ಹಳೆಯ ಮನೆಗಳಲ್ಲಿ ಸ್ವಿಚ್ ಫೇಸಿನ (ಕರೆಂಟ್ ತರುವ ತಂತಿಯ) ಬದಲು ನ್ಯೂಟ್ರಲ್ (ಹಿಂದಿರುಗುವ) ತಂತಿಯಲ್ಲಿ ಕೂತಿರುವುದುಂಟು. ಆಗ ಫ್ಯಾನ್ ನಿಂತಿದ್ದರೂ ತಂತಿಯಲ್ಲಿ ಕರೆಂಟ್ ಇರುತ್ತದೆ. ಟೆಸ್ಟರ್ ಹಚ್ಚಿ ನೋಡಿದಾಗ ನಮ್ಮ ಕೋಣೆಯ ಕಥೆಯೂ ಅದೇ ಆಗಿತ್ತು. ಎಂ.ಸಿ.ಬಿ. (ಕೋಣೆಯ ಕರೆಂಟನ್ನೇ ಕಡಿಯುವ ಸ್ವಿಚ್) ಇಳಿಸಿ, ಮತ್ತೊಮ್ಮೆ ಟೆಸ್ಟರ್ ಹಚ್ಚಿ, ಆಮೇಲೆ ಹಿಡಿ ಭದ್ರವಾಗಿರುವ ಸ್ಕ್ರೂಡ್ರೈವರಿನಿಂದ ಕಂಡೆನ್ಸರಿನ ಎರಡೂ ತುದಿಗಳನ್ನು ಮುಟ್ಟಿಸಿ ಖಾಲಿ ಮಾಡಿ ಬಿಚ್ಚಿದೆ.

ಡಬ್ಬಿಯ ಮೇಲೆ 2.5 ಮೈಕ್ರೋಫ್ಯಾರಡ್ (ಕಂಡೆನ್ಸರಿನ ಶಕ್ತಿಯ ಅಳತೆ) ಎಂದು ಬರೆದಿದೆ. ಮೀಟರ್ 1.4 ತೋರಿಸಿತು. ಹೊರಗಿನಿಂದ ಉಬ್ಬಿಲ್ಲ, ಸುಟ್ಟ ವಾಸನೆಯಿಲ್ಲ, ನೋಡಿದರೆ ಆರೋಗ್ಯವಂತ. ಮಾಳಿಗೆಯ ಬಿಸಿ, ವೋಲ್ಟೇಜಿನ ಏರಿಳಿತ ಎರಡೂ ಸೇರಿ ವರ್ಷವರ್ಷಕ್ಕೂ ಅದರ ಶಕ್ತಿಯನ್ನು ತಿಂದಿದ್ದವು. ಫ್ಯಾನ್ ಒಮ್ಮೆಲೇ ಕೆಡದೆ ಮೆಲ್ಲಗೆ ಸೋತದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬದಲಿ ತರಲು ಹೋದಾಗ ಕೌಂಟರಿನ ಹುಡುಗ 3.15ರದ್ದನ್ನು ಮುಂದಿಟ್ಟು, "ಇದನ್ನು ಹಾಕಿರಿ, ಇನ್ನೂ ಜೋರಾಗಿ ತಿರುಗುತ್ತದೆ" ಎಂದ. ಆಸೆಪಟ್ಟು ತಂದೆ. ತಿರುಗಿತು, ನಿಜ. ಒಂದು ತಾಸಿನ ನಂತರ ಫ್ಯಾನ್ ನಿಲ್ಲಿಸಿ ಮೋಟರಿನ ತಳ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ, ಜೊತೆಗೆ ಗುಂಯ್ ಎನ್ನುವ ಸದ್ದು. ಮೋಟರಿನ ಕಾಯಿಲ್ ಹೊಸದಾಗಿ ಸುತ್ತಿಕೊಡುವ ಪರಿಚಯದ ರಿವೈಂಡಿಂಗ್ ಅಂಗಡಿಯ ಹಿರಿಯರಿಗೆ ಹೇಳಿದೆ. ಅವರು ನಕ್ಕರು: "ತಮ್ಮಾ, ಇದನ್ನು ಹೀಗೇ ಬಿಡು. ಆಷಾಢದ ಹೊತ್ತಿಗೆ ಕಾಯಿಲ್ ಸುಟ್ಟುಕೊಂಡು ನನ್ನ ಹತ್ತಿರವೇ ಬರುತ್ತೀಯ." ಚೀಟಿಯಲ್ಲಿರುವ ಅಳತೆಯದ್ದೇ, 2.5ರದ್ದು, 440 ವೋಲ್ಟ್ ಎ.ಸಿ. ಎಂದು ಮುದ್ರಿಸಿರುವುದನ್ನು ತಂದು ಹಾಕಿದೆ. ಮೋಟರಿನ ತಳ ಈಗಲೂ ಬೆಚ್ಚಗಾಗುತ್ತದೆ, ಆದರೆ ಅಂಗೈ ಇಟ್ಟುಕೊಂಡು ನಿಲ್ಲಬಹುದು.

4. ಗಾಳಿ ಮಾಳಿಗೆಗೆ ಹೋಯಿತು

2.5 ಹಾಕಿ ಎಂ.ಸಿ.ಬಿ. ಎತ್ತಿದರೆ ಫ್ಯಾನ್ ಭರ್ರೆಂದು ತಿರುಗುತ್ತಿದೆ, ಮಂಚದ ಮೇಲಿನ ಪತ್ರಿಕೆಯ ಹಾಳೆ ಮಾತ್ರ ಅಲುಗುತ್ತಿಲ್ಲ. ಏಣಿಯ ಮೇಲೆ ನಿಂತು ಮಾಳಿಗೆಯತ್ತ ಕೈ ಚಾಚಿದರೆ ಗಾಳಿ ಅಲ್ಲಿ ಬಡಿಯುತ್ತಿತ್ತು. ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಮೋಟರಿನಿಂದ ಬರುವುದು ಮೂರು ತಂತಿ: ಒಂದು ಕಾಮನ್, ಒಂದು ರನ್ನಿಂಗ್, ಒಂದು ಸ್ಟಾರ್ಟಿಂಗ್. ಕಂಡೆನ್ಸರ್ ಇರಬೇಕಾದದ್ದು ಸ್ಟಾರ್ಟಿಂಗ್ ಕಾಯಿಲಿನ ದಾರಿಯಲ್ಲಿ. ಎರಡನೆಯ ಸಲ ಬಿಚ್ಚಿ ಜೋಡಿಸುವಾಗ ಕರೆಂಟ್ ಬರುವ ತಂತಿಯನ್ನು ಕಂಡೆನ್ಸರಿನ ಆಚೆ ತುದಿಗೆ ಕೊಟ್ಟಿದ್ದೆ. ಅದನ್ನು ಈಚೆಗೆ ಬದಲಿಸಿದ ಮೇಲೆ ದಿಕ್ಕು ಸರಿಹೋಯಿತು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿದ್ದರೆ ಈ ಗೋಜಲೇ ಇರುತ್ತಿರಲಿಲ್ಲ.

ದಿಕ್ಕು ಗುರುತಿಸಲು ರೆಕ್ಕೆಯ ಓರೆಯನ್ನು ನೋಡಿದರೆ ಸಾಕು. ಪ್ರತಿ ರೆಕ್ಕೆಗೂ ಎತ್ತರದ ಅಂಚೊಂದು, ತಗ್ಗಿನ ಅಂಚೊಂದು ಇರುತ್ತದೆ. ತಿರುಗುವಾಗ ಎತ್ತರದ ಅಂಚು ಮುಂದೆ ಬರಬೇಕು; ಆಗ ರೆಕ್ಕೆ ಗಾಳಿಯನ್ನು ಕೆಳಕ್ಕೆ ಒತ್ತುತ್ತದೆ. ನಮ್ಮಲ್ಲಿ ಸಿಗುವ ಹೆಚ್ಚಿನ ಫ್ಯಾನುಗಳು ಕೆಳಗಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿದರೆ ಸರಿ.

ಈಗಿನ ಎಣಿಕೆ: 41 ಚಿತ್ರ, ಅಂದರೆ 351 ಸುತ್ತು.

5. ರೆಕ್ಕೆ ತೊಳೆದದ್ದು

ರಾಡ್ ಬದಲಿಸಲು ಹೇಗೂ ಫ್ಯಾನ್ ಇಳಿಸಬೇಕಿತ್ತು. ರೆಕ್ಕೆಗಳ ಮುಂದಿನ ಅಂಚಿನಲ್ಲಿ ಧೂಳು, ಅಡುಗೆಮನೆಯ ಎಣ್ಣೆ ಹೊಗೆಯ ಜಿಡ್ಡು ಸೇರಿ ಕಪ್ಪು ಏರಿಯಂತೆ ಗಟ್ಟಿಯಾಗಿತ್ತು. ಬೆರಳಿನಲ್ಲಿ ಉಜ್ಜಿದರೆ ಬತ್ತಿಯ ಹಾಗೆ ಸುರುಳಿ ಬಿಡುತ್ತಿತ್ತು. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬಟ್ಟೆ. ತಂತಿಯ ನಾರು ಹಾಕಿದರೆ ಬಣ್ಣ ಎದ್ದು ಮತ್ತಷ್ಟು ಧೂಳು ಹಿಡಿಯುತ್ತದೆ. ತೊಳೆದದ್ದರಿಂದ ವೇಗ 41ರಿಂದ 40 ಚಿತ್ರಕ್ಕೆ ಬಂತು, ಅಂದರೆ 360 ಸುತ್ತು, ದೊಡ್ಡ ಲಾಭವಲ್ಲ. ಆದರೆ ಸುಯ್ ಎಂಬ ಸದ್ದು ಕಡಿಮೆಯಾಯಿತು, ಅವ್ವನ ದಿಂಬಿನ ಮೇಲೆ ಕಪ್ಪು ಚೂರು ಉದುರುವುದು ನಿಂತಿತು.

ಇಳಿಸಿಡದೆ ಮೇಲೆಯೇ ಒರೆಸುವವರಿಗೆ: ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಹೊರಗೆ ಎಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ. ರೆಕ್ಕೆಗೆ ಜೋತುಬೀಳಬಾರದು.

6. ರಾಡ್ (280 ರೂಪಾಯಿ, ತಂತಿ 60, ಪಿನ್ ಮತ್ತು ಬುಷ್ 40)

ಎಲ್ಲಕ್ಕಿಂತ ಹೆಚ್ಚು ಗುಣ ಕಂಡದ್ದು ಇದರಲ್ಲಿ. ಹೊಸ ಫ್ಯಾನ್ ಕೊಂಡಾಗ ಡಬ್ಬಿಯಲ್ಲಿ ಬರುವ ರಾಡ್ ಸಾಮಾನ್ಯವಾಗಿ ಒಂದಡಿಯ ಆಸುಪಾಸು. ಹತ್ತಡಿ ಎತ್ತರದ ಆರ್.ಸಿ.ಸಿ. ಕೋಣೆಗೆ ಅದು ಸರಿ. ನಮ್ಮ ಮನೆಯಲ್ಲಿ ಹನ್ನೆರಡಡಿ ಮಾಳಿಗೆಗೂ ಅದನ್ನೇ ಹಾಕಿದ್ದರು. ಅಳೆದರೆ ರೆಕ್ಕೆ ನೆಲದಿಂದ 10 ಅಡಿ 8 ಇಂಚು ಮೇಲೆ. ಅಷ್ಟು ಎತ್ತರದಿಂದ ಹೊರಟ ಗಾಳಿ ಮಂಚಕ್ಕೆ ಬರುವಷ್ಟರಲ್ಲಿ ಹರಡಿ ಸೊರಗಿರುತ್ತದೆ. ರೆಕ್ಕೆ ನೆಲದಿಂದ ಎಂಟರಿಂದ ಒಂಬತ್ತಡಿಯಲ್ಲಿದ್ದರೆ ಒಳ್ಳೆಯದು. ಏಳು ಅಡಿಗಿಂತ ಕೆಳಗೆ ಎಂದೂ ಬರಬಾರದು; ಕೈ ಎತ್ತಿ ಅಂಗಿ ತೊಡುವವರು, ಮಂಚದ ಮೇಲೆ ನಿಲ್ಲುವ ಮಕ್ಕಳು ಮನೆಯಲ್ಲಿದ್ದರೆ ಇನ್ನೂ ಮೇಲೆಯೇ ಇರಲಿ.

ಇದರ ಎದುರು ತಪ್ಪು ಅಡುಗೆಮನೆಯಲ್ಲಿದೆ. ಅಲ್ಲಿ ಅಟ್ಟ ಅಡ್ಡ ಬರುತ್ತದೆಂದು ರಾಡನ್ನು ಮೋಟಾಗಿ ಕತ್ತರಿಸಿ ರೆಕ್ಕೆಯನ್ನು ಮಾಳಿಗೆಗೆ ಅಂಟಿಸಿದಂತೆ ಇಟ್ಟಿದ್ದಾರೆ. ಮೇಲೆ ಕನಿಷ್ಠ ಒಂದಡಿ ಜಾಗವಿಲ್ಲದಿದ್ದರೆ ಫ್ಯಾನಿಗೆ ಎಳೆದುಕೊಳ್ಳಲು ಗಾಳಿಯೇ ಸಿಗುವುದಿಲ್ಲ. ಎಷ್ಟು ಜೋರಾಗಿ ತಿರುಗಿದರೂ ಸದ್ದೇ ಹೆಚ್ಚು.

ಹಳೆಯ ರಾಡನ್ನೇ ಅಂಗಡಿಗೆ ಒಯ್ದು ದಪ್ಪ, ತೂತಿನ ಅಳತೆ ಎರಡನ್ನೂ ತಾಳೆ ನೋಡಿ 36 ಇಂಚಿನದು ತಂದೆ. ಒಳಗಿನ ತಂತಿ ಸಾಲುವುದಿಲ್ಲ. ನಡುವೆ ಗಂಟು ಹಾಕಿ ಟೇಪ್ ಸುತ್ತುವುದು ಬೇಡವೆಂದು ಹೊಸ ತಂತಿಯನ್ನೇ ಪೂರ್ತಿ ಎಳೆದೆ. ಮೇಲೆ ಗರ್ಡರಿಗೆ ಹಿಡಿಸಿದ ಕ್ಲಾಂಪನ್ನು ಅಲುಗಿಸಿ ನೋಡಿದೆ, ಭದ್ರವಾಗಿತ್ತು. ಅದರೊಳಗಿನ ರಬ್ಬರ್ ಬುಷ್ ಮಾತ್ರ ಒಣಗಿ ಬಿಸ್ಕತ್ತಿನಂತೆ ಮುರಿಯಿತು. ಬದಲಿಸಿದೆ.

ಮೇಲೊಂದು, ಕೆಳಗೊಂದು, ಹೀಗೆ ಎರಡು ಬೋಲ್ಟುಗಳ ಮೇಲೆ ಇಡೀ ಫ್ಯಾನಿನ ಭಾರ ನಿಂತಿದೆ. ಪ್ರತಿ ಬೋಲ್ಟಿನ ತುದಿಯಲ್ಲೂ ಸ್ಪ್ಲಿಟ್ ಪಿನ್ ತೂರಿಸಿ, ಅದರ ಎರಡೂ ಕಾಲುಗಳನ್ನು ಇಕ್ಕಳದಿಂದ ಅಗಲಿಸಿ ಮಡಚಬೇಕು. ಹಳೆಯ ಕೆಳಗಿನ ಬೋಲ್ಟಿನಲ್ಲಿ ಪಿನ್ನಿನ ಜಾಗದಲ್ಲಿ ತೆಳ್ಳನೆಯ ಬೈಂಡಿಂಗ್ ತಂತಿ ಸುತ್ತಿತ್ತು! ಅದರ ಕೆಳಗೆ ಇಷ್ಟು ವರ್ಷ ಮಲಗಿದ್ದೆವು. ಬೇರೇನೂ ಮಾಡದಿದ್ದರೂ ಈ ಎರಡು ಪಿನ್ನುಗಳನ್ನು ಒಮ್ಮೆ ಏಣಿ ಹತ್ತಿ ನೋಡಿಕೊಳ್ಳಿ.

ಎತ್ತುವ ಕೆಲಸ ಒಬ್ಬರಿಂದ ಆಗುವುದಿಲ್ಲ. ರೆಕ್ಕೆ ಕಳಚಿದ ಮೋಟರನ್ನು ನನ್ನ ತಮ್ಮ ಹೆಗಲೆತ್ತರಕ್ಕೆ ಹಿಡಿದ, ನಾನು ಬೋಲ್ಟ್ ತೂರಿಸಿದೆ. ಈಗ ರೆಕ್ಕೆ ನೆಲದಿಂದ 8 ಅಡಿ 8 ಇಂಚಿನಲ್ಲಿದೆ.

7. ಓಲಾಟ

ಗಿಡ್ಡ ರಾಡಿನಲ್ಲಿ ಕಾಣದಿದ್ದ ದೋಷ ಉದ್ದ ರಾಡಿನಲ್ಲಿ ಎದ್ದು ಕಾಣುತ್ತದೆ. ಹಾಕಿದ ಕೂಡಲೇ ಫ್ಯಾನ್ ಓಲಾಡತೊಡಗಿತು, ಅವ್ವ ಮಂಚ ಬಿಟ್ಟು ಎದ್ದರು.

ಉದ್ದನೆಯ ಕೋಲೊಂದನ್ನು ನೆಲಕ್ಕೆ ನೆಟ್ಟಗೆ ನಿಲ್ಲಿಸಿ, ಒಂದು ರೆಕ್ಕೆಯ ತುದಿಯ ಎತ್ತರವನ್ನು ಪೆನ್ಸಿಲಿನಿಂದ ಗುರುತಿಸಿದೆ. ಕೋಲನ್ನು ಕದಲಿಸದೆ ಉಳಿದೆರಡು ರೆಕ್ಕೆಗಳನ್ನು ಕೈಯಿಂದ ಅದೇ ಜಾಗಕ್ಕೆ ತಂದು ನೋಡಿದೆ. ಎರಡು ಸಮ, ಮೂರನೆಯದು 15 ಮಿ.ಮೀ. ಕೆಳಗೆ. ತೊಳೆದ ಮೇಲೆ ರೆಕ್ಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದೆ. ಒಂದು ಜಾರಿ ಬಿದ್ದು ಅದರ ತೋಳು ಬಾಗಿತ್ತು. ಬಿಚ್ಚಿ, ಬಾಗಿಲ ಹೊಸ್ತಿಲಿನ ಮೇಲಿಟ್ಟು ಅಂಗೈಯಿಂದ ಸ್ವಲ್ಪ ಸ್ವಲ್ಪವಾಗಿ ಒತ್ತಿದೆ. ಸುತ್ತಿಗೆ ಮುಟ್ಟಲಿಲ್ಲ. ವ್ಯತ್ಯಾಸ 3 ಮಿ.ಮೀ.ಗೆ ಇಳಿಯಿತು.

ಉಳಿದ ಸಣ್ಣ ನಡುಕಕ್ಕೆ ಒಂದು ರೂಪಾಯಿ ನಾಣ್ಯ. ಅದನ್ನು ಒಂದೊಂದೇ ರೆಕ್ಕೆಯ ಮೇಲ್ಭಾಗಕ್ಕೆ ಟೇಪಿನಿಂದ ಅಂಟಿಸಿ ಓಡಿಸಿ ನೋಡಿದೆ. ಯಾವುದರಲ್ಲಿ ನಡುಕ ಕಡಿಮೆಯಾಯಿತೋ ಅದರಲ್ಲೇ ನಾಣ್ಯವನ್ನು ಹಿಂದೆಮುಂದೆ ಸರಿಸಿದೆ. ರೆಕ್ಕೆಯ ನಡುವಿಗಿಂತ ತುಸು ಹೊರಗೆ ಇಟ್ಟಾಗ ಫ್ಯಾನ್ ನೆಟ್ಟಗೆ ನಿಂತಿತು. ಟೇಪ್ ಸಡಿಲವಾದರೆ ನಾಣ್ಯ ಹಾರಿ ಕಣ್ಣಿಗೆ ಬೀಳಬಹುದು, ಹಾಗಾಗಿ ಕೊನೆಗೆ ಅರಾಲ್ಡೈಟ್ ಹಾಕಿ ಕೂರಿಸಿದೆ.

8. ಮಂಚ ಎಲ್ಲಿರಬೇಕು

ಒಂದು ಕೋಲಿಗೆ ತೆಳುವಾದ ಪಾಲಿಥೀನ್ ಪಟ್ಟಿ ಕಟ್ಟಿ, ಮಂಚದ ಎತ್ತರದಲ್ಲಿ ಹಿಡಿದು ಕೋಣೆಯ ತುಂಬ ನಡೆದೆ. ಮೋಟರಿನ ನೇರ ಕೆಳಗೆ ಪಟ್ಟಿ ಸುಮ್ಮನೆ ಜೋತು ಬಿದ್ದಿತ್ತು. ಒಂದೂವರೆ ಅಡಿ ಆಚೆ ಸರಿದರೆ ಪಟಪಟ ಬಡಿದುಕೊಂಡಿತು. ರೆಕ್ಕೆಯ ತುದಿ ದಾಟಿ ಗೋಡೆಯ ಹತ್ತಿರ ಬಂದರೆ ಮತ್ತೆ ಮಂದ. ಜೋರು ಗಾಳಿ ಬೀಳುವುದು ರೆಕ್ಕೆಯ ಹೊರಗಿನ ಅರ್ಧದ ಕೆಳಗೆ, ಬಳೆಯಾಕಾರದಲ್ಲಿ. ನಮ್ಮ ಮಂಚ ಗೋಡೆಗೆ ಅಂಟಿಕೊಂಡಿತ್ತು. ಎರಡೂವರೆ ಅಡಿ ಒಳಕ್ಕೆ ಎಳೆದದ್ದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹಾಸಿಗೆಯ ಮೇಲಿನ ರೆಕ್ಸಿನ್ ಕವರ್ ತೆಗೆದು ಹತ್ತಿಯ ಚಾದರ ಹಾಸಿದೆ. ಬೆನ್ನಿನ ಬೆವರು ಆರಬೇಕಲ್ಲ.

9. ಕಿಟಕಿ, ಮಾಳಿಗೆ, ಒದ್ದೆ ಬಟ್ಟೆ

ರಾಡ್ ಉದ್ದವಾದರೆ ಮಾಳಿಗೆಯ ಬಿಸಿಗಾಳಿ ಕೆಳಗೆ ಬರುವುದು ನಿಲ್ಲುತ್ತದೆ ಎಂದು ಯಾರೂ ಎಣಿಸಬಾರದು. ಫ್ಯಾನ್ ಅದನ್ನೂ ಕಲಸುತ್ತದೆ. ಬಿಸಿಯ ಮೂಲವನ್ನೇ ತಗ್ಗಿಸಬೇಕು. ಮಾಳಿಗೆಯನ್ನು ಗುಡಿಸಿ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೈ ಬಳಿದೆವು. ಫೆವಿಕಾಲ್ ಹಾಕದಿದ್ದರೆ ಓಡಾಡಿದವರ ಕಾಲಿಗೇ ಸುಣ್ಣ ಅಂಟಿಕೊಂಡು ಹೋಗುತ್ತದೆ. ಬರಿಗಾಲಲ್ಲಿ ಮಧ್ಯಾಹ್ನ ನಿಲ್ಲಲಾಗದ ಮಾಳಿಗೆಯ ಮೇಲೆ ಈಗ ನಿಲ್ಲಬಹುದು. ಒಳಗಿನ ಮೇಲಿನ ಥರ್ಮಾಮೀಟರ್ ಅದೇ ಬಗೆಯ ಬಿಸಿಲಿನಲ್ಲಿ ನಾಲ್ಕು ಗಂಟೆಗೆ 38 ತೋರಿಸುತ್ತಿದೆ.

ಕಿಟಕಿಯ ವಿಷಯದಲ್ಲಿ ಥರ್ಮಾಮೀಟರ್ ಹೇಳಿದಂತೆ ಕೇಳುತ್ತೇನೆ. ಬೆಳಿಗ್ಗೆ ಎಂಟರ ಹೊತ್ತಿಗೆ ಪೂರ್ವದ ಕಿಟಕಿ ಮುಚ್ಚಿ ಪರದೆ ಎಳೆಯುವುದು. ಸಂಜೆ ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗಿಳಿದ ಮೇಲೆಯೇ ತೆರೆಯುವುದು. ಏಪ್ರಿಲ್‌ನಲ್ಲಿ ಅದು ಎಂಟೂವರೆಯ ಮೇಲೆ. ಗಾಳಿ ಬೇಕೆಂದು ಆರಕ್ಕೇ ಬಾಗಿಲು ಕಿಟಕಿ ತೆರೆಯುವ ನಮ್ಮ ಪದ್ಧತಿಯಿಂದ ಹೊರಗಿನ ಧಗೆಯನ್ನು ನಾವೇ ಕರೆದು ಕೂರಿಸುತ್ತಿದ್ದೆವು. ತೆರೆದ ಮೇಲೆ ಟೇಬಲ್ ಫ್ಯಾನನ್ನು ಒಂದು ಕಿಟಕಿಗೆ ಮುಖ ಮಾಡಿ, ಗಾಳಿ ಹೊರಗೆ ಹೋಗುವಂತೆ ಇಡುತ್ತೇನೆ. ಅದು ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತದೆ, ಎದುರಿನ ಕಿಟಕಿಯಿಂದ ತಂಪು ಒಳಬರುತ್ತದೆ.

ಮೇ ತಿಂಗಳ ಮಧ್ಯಾಹ್ನದ ಮಾತು ಬೇರೆ. ಗಾಳಿಯ ಬಿಸಿ 40 ಡಿಗ್ರಿ ದಾಟಿದಾಗ ಫ್ಯಾನ್ ಮೈಗೆ ಬಿಸಿಯನ್ನೇ ಸೇರಿಸುತ್ತದೆ, ಅಂಥ ಹೊತ್ತಿನಲ್ಲಿ ಅದನ್ನು ನೆಚ್ಚಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ, ಅವರಿಗೆ ಇನ್ನೂ ಅಪಾಯ. ಆ ಹೊತ್ತಿಗೆ ಅಪ್ಪ ಅವ್ವ ಕೆಳಗಿನ ಮನೆಯ ನಡುಕೋಣೆಗೆ ಹೋಗುತ್ತಾರೆ. ಕೈ, ಕತ್ತು, ಮುಖಕ್ಕೆ ಒದ್ದೆ ಬಟ್ಟೆ ಒರೆಸಿಕೊಳ್ಳುತ್ತಾರೆ, ಹರವಿಯ ನೀರು ಕುಡಿಯುತ್ತಾರೆ. ನಮ್ಮ ಕಡೆಯ ಒಣ ಹವೆಯಲ್ಲಿ ಒದ್ದೆ ಬಟ್ಟೆಯ ಉಪಾಯ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನಲ್ಲಿರುವ ಅಕ್ಕನ ಮನೆಯಲ್ಲಿ ಇದು ನಡೆಯದು. ಅಲ್ಲಿ ಗಾಳಿಯಲ್ಲೇ ನೀರಿರುವುದರಿಂದ ಬಟ್ಟೆಯೂ ಆರುವುದಿಲ್ಲ, ಮೈಯೂ ಆರುವುದಿಲ್ಲ. ಅವರಿಗೆ ಗಾಳಿಯ ವೇಗವೇ ಗತಿ.

ಕೋಣೆಯಿಂದ ಹೊರಗೆ ಹೋಗುವಾಗ ಫ್ಯಾನ್ ಆರಿಸುವುದು ಈಗ ಮನೆಯ ಕಾನೂನು. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್ ತನ್ನ 75 ವ್ಯಾಟನ್ನು ಕೋಣೆಗೇ ಬಿಸಿಯಾಗಿ ಸುರಿಯುತ್ತದೆ.

10. ಬಿ.ಎಲ್.ಡಿ.ಸಿ. ಫ್ಯಾನ್ ತರಬೇಕಿತ್ತೇ?

ಎಲ್ಲರೂ ಕೇಳುವ ಪ್ರಶ್ನೆ. ಬಿ.ಎಲ್.ಡಿ.ಸಿ. ಎಂದರೆ ಬ್ರಷ್ ಇಲ್ಲದ ಡಿ.ಸಿ. ಮೋಟರಿನ, ಕಡಿಮೆ ಕರೆಂಟಿನ ಫ್ಯಾನುಗಳು. ಅವು 30 ವ್ಯಾಟಿನ ಆಸುಪಾಸು ತಿನ್ನುತ್ತವೆ. ದಿನಕ್ಕೆ 16 ತಾಸು ಓಡಿಸಿದರೆ ನನ್ನ ಹಳೆಯದು 1.2 ಯೂನಿಟ್, ಅದು ಸುಮಾರು 0.48 ಯೂನಿಟ್. ಬೇಸಿಗೆಯ ನಾಲ್ಕು ತಿಂಗಳಿಗೆ 86 ಯೂನಿಟ್ ಉಳಿತಾಯ. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಗಾಳಿ ಹೆಚ್ಚು ಬರುತ್ತದೆಂದು ಕೊಳ್ಳಬೇಡಿ. ಡಬ್ಬಿಯ ಮೇಲೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂದು ಬರೆದಿರುತ್ತಾರೆ, 1200 ಮಿ.ಮೀ. ಫ್ಯಾನುಗಳಲ್ಲಿ ಅದು ಸಾಮಾನ್ಯವಾಗಿ 210ರಿಂದ 230. ಎರಡೂ ಬಗೆಯಲ್ಲಿ ಅದೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಕರೆಂಟ್ ಉಳಿತಾಯ ತೋರಿಸುವ ಸ್ಟಾರ್ ಚೀಟಿ ಕಡ್ಡಾಯವಾಗಿದೆ, ನಕ್ಷತ್ರದ ಜೊತೆಗೆ ಈ ಅಂಕಿಯನ್ನೂ ಓದಿ. ಹೊಸ ಫ್ಯಾನನ್ನು ಹಳೆಯ ಒಂದಡಿ ರಾಡಿಗೇ ಸಿಕ್ಕಿಸಿದ್ದರೆ ಮೂರು ಸಾವಿರ ರೂಪಾಯಿ ಕೊಟ್ಟೂ ಅಪ್ಪನ ದೂರು ಅಲ್ಲೇ ಇರುತ್ತಿತ್ತು. ಇದರ ಕಾಯಿಲ್ ಸುಟ್ಟ ದಿನ ಬಿ.ಎಲ್.ಡಿ.ಸಿ. ತರುತ್ತೇನೆ, ಅಲ್ಲಿಯವರೆಗೆ ಇಲ್ಲ.

11. ಈಗಿನ ಸ್ಥಿತಿ, ಬಾಕಿ ಕೆಲಸ

ಐದರಲ್ಲಿ 360 ಸುತ್ತು. ರಾತ್ರಿ ವೋಲ್ಟೇಜ್ ಇಳಿದಾಗ 330ರ ಹತ್ತಿರ. ಮಧ್ಯರಾತ್ರಿಯ ಮೇಲೆ ಮೂರಕ್ಕೆ ಇಳಿಸಿದರೂ ಸಾಕಾಗುತ್ತಿದೆ. ನಡುಕವಿಲ್ಲ. ಅಪ್ಪ ಈಗ ಗಾಳಿ ಜಾಸ್ತಿಯಾಯಿತೆಂದು ಮಂಚವನ್ನು ಅರ್ಧ ಅಡಿ ಹಿಂದಕ್ಕೆ ತಳ್ಳಿಕೊಂಡಿದ್ದಾರೆ.

ಸ್ವಿಚ್ಚನ್ನು ನ್ಯೂಟ್ರಲ್‌ನಿಂದ ಫೇಸಿಗೆ ಬದಲಿಸುವ ಕೆಲಸ ನನ್ನದಲ್ಲ, ಲೈಸೆನ್ಸ್ ಇರುವ ವೈರ್‌ಮನ್‌ಗೆ ಹೇಳಿದ್ದೇನೆ. ಅಡುಗೆಮನೆಯ ಮೋಟು ರಾಡ್ ಬಾಕಿಯಿದೆ. ಅಟ್ಟ ಮತ್ತು ರೆಕ್ಕೆಯ ನಡುವೆ ಜಾಗ ಬೇಕೆಂದರೆ 48 ಇಂಚಿನದನ್ನು ಇಳಿಸಿ 36 ಇಂಚಿನ ಫ್ಯಾನ್ ಹಾಕಬೇಕಾಗಬಹುದು. ನಡುಮನೆಯ ಫ್ಯಾನ್ ಕೈಯಿಂದ ತಿರುಗಿಸಿದರೆ ಗರಗರ ಎನ್ನುತ್ತಿದೆ, ಅದು ಬೇರಿಂಗ್. ಬಿಚ್ಚಿದ ಮೇಲೆ ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರನ್ನು ಬರೆದುಕೊಂಡೇ ಅಂಗಡಿಗೆ ಹೋಗುವುದು.